ಜಾತ್ರೆಯ ಕಥೆ ಗೊತ್ತು, ಊರಿಗೆ ಹೋಗಿದ್ದು ಯಾವಾಗ?

ಮದುವೆಗೆ ಮುಂಚೆ ಆಪ್ತಸಲಹೆಗೆ ಬರುವವರಲ್ಲಿ ಒಂದು ಬಗೆಯ ಜೋಡಿ ಪದೇ ಪದೇ ಸಿಗುತ್ತದೆ. ಮ್ಯಾಟ್ರಿಮೊನಿಯಲ್ಲಿ ಪರಿಚಯ, ಎರಡು ಮೂರು ತಿಂಗಳು ರಾತ್ರಿ ಫೋನು. ದೇವರು, ಸ್ವಭಾವ, ಊರು ಎಲ್ಲವನ್ನೂ ಮಾತಾಡಿ ಮುಗಿಸಿರುತ್ತಾರೆ. ನಿಶ್ಚಿತಾರ್ಥ ಹತ್ತಿರ ಬಂದಾಗ ಇಬ್ಬರಲ್ಲಿ ಒಬ್ಬರಿಗೆ ಕಾರಣ ಹೇಳಲಾಗದ ಅಳುಕು. ಇದೂ ಅಂಥದ್ದೇ ಪ್ರಕರಣ. ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.

ಹುಡುಗಿ 29, ಚಿಕ್ಕಮಗಳೂರು ಕಡೆಯವರು. ಹುಡುಗ 33, ಕೊಪ್ಪಳದ ಹತ್ತಿರದ ಹಳ್ಳಿ. ಇಬ್ಬರದೂ ಲಿಂಗಾಯತ ಮನೆತನ, ಕೆಲಸ ಬೆಂಗಳೂರಿನಲ್ಲಿ. 'ನಂಬಿಕೆ ಇದೆ, ಆಚರಣೆ ಅಷ್ಟಕ್ಕಷ್ಟೆ' ಎಂದು ಪರಸ್ಪರ ಹೇಳಿಕೊಂಡಿದ್ದರು. ಮೊಬೈಲಿನಲ್ಲಿ ವ್ಯಕ್ತಿತ್ವ ಪರೀಕ್ಷೆ ಮಾಡಿಕೊಂಡು, ನಾಲ್ಕಕ್ಷರದ ಫಲಿತಾಂಶ ಹೊಂದುತ್ತದೆಂದು ಖುಷಿಪಟ್ಟಿದ್ದರು. (ಹದಿನಾರು ಗುಂಪುಗಳ ಆ ಪರೀಕ್ಷೆಯನ್ನು ಕೆಲವು ವಾರ ಬಿಟ್ಟು ಮತ್ತೆ ತೆಗೆದುಕೊಂಡರೆ ಎಷ್ಟೋ ಜನರ ಗುಂಪೇ ಬದಲಾಗುತ್ತದೆ. ಜಾತಕ ಬೇಡವೆಂದವರೂ ಇದನ್ನು ನಂಬುತ್ತಾರೆ.)

ಇಬ್ಬರನ್ನೂ ಕೂರಿಸಿ ಮಾತಾಡಿಸಿದ ದಿನ ಆತ ಕೊಪ್ಪಳದ ಗವಿಮಠದ ಜಾತ್ರೆಯ ನೆನಪು ತೆಗೆದರು. ಜನವರಿಯ ಚಳಿ, ತೇರು, ದಾಸೋಹಕ್ಕೆ ಸುತ್ತಲ ಹಳ್ಳಿಗಳಿಂದ ಚಕ್ಕಡಿ ಟ್ರ್ಯಾಕ್ಟರುಗಳಲ್ಲಿ ಬರುವ ಜೋಳದ ರೊಟ್ಟಿ. ಚೆನ್ನಾಗಿ ಹೇಳುತ್ತಿದ್ದರು. ಮುಂದಿನ ಮಾತನ್ನು ಆಕೆಯೇ ತುಂಬುತ್ತಿದ್ದರು: ರೊಟ್ಟಿ ಬಡಿಯುವಾಗ ಅಜ್ಜಿ ಹಾಡುತ್ತಿದ್ದುದು, ಚಿಕ್ಕಪ್ಪನ ಹೆಗಲ ಮೇಲೆ ಕೂತು ತೇರಿಗೆ ಉತ್ತತ್ತಿ ಎಸೆದದ್ದು. ಅಷ್ಟು ಸಲ ಕೇಳಿದ್ದರು.

ಸಲಹೆಗಾರರ ಕಡೆಯಿಂದ ಕೇಳಿದ ಪ್ರಶ್ನೆ ಒಂದೇ: "ಕೊನೇ ಸಲ ಊರಿಗೆ ಹೋಗಿದ್ದು ಯಾವಾಗ?"

ಆತ ಕೈಗಡಿಯಾರದ ಪಟ್ಟಿ ಬಿಚ್ಚಿ ಮತ್ತೆ ಹಾಕಿಕೊಂಡರು. "ಎಂಟು ವರ್ಷಾತ್ರಿ. ಹೊಲದ ಪಾಲಿನ ಸಂಬಂಧ ಅಣ್ಣನ ಜೋಡಿ ಮಾತಿಲ್ಲ. ಅವ್ವ ನನ್ನ ಕಡೆನ ಇರ್ತಾಳ."

"ಈ ಸಲದ ಜಾತ್ರೆಗೆ ನನ್ನ ಕರ್ಕೊಂಡು ಹೋಗ್ತೀನಿ ಅಂದಿದ್ರಲ್ಲ?"

"ಹೋಗಬೇಕಂತ ಆಸೆ ಖರೇನ ಐತ್ರಿ."

ಆತ ಸುಳ್ಳು ಹೇಳಿರಲಿಲ್ಲ. ಹೇಳಿದ ನೆನಪೆಲ್ಲ ಹದಿನೈದನೇ ವಯಸ್ಸಿನ ಒಳಗಿನದು, ಅಷ್ಟೂ ನಿಜ. ತೊಡಕಿರುವುದೇ ಇಲ್ಲಿ. ಬಾಲ್ಯದ ನೆನಪು, ದೇವರ ಬಗೆಗಿನ ಅಭಿಪ್ರಾಯ, 'ನಾನು ಇಂಥವನು' ಎಂಬ ವಿವರಣೆ ಇವೆಲ್ಲ ಹತ್ತಾರು ಸಲ ಹೇಳಿ ನಯವಾಗಿರುವ ಮಾತುಗಳು. ಕೇಳಿದವರಿಗೆ ಆಪ್ತತೆ ಹುಟ್ಟುತ್ತದೆ. ಮನುಷ್ಯ ಈಗ ಹೇಗೆ ಬದುಕುತ್ತಿದ್ದಾನೆ ಎಂಬುದು ತಿಳಿಯುವುದಿಲ್ಲ. 1997ರಲ್ಲಿ ಮನಶ್ಶಾಸ್ತ್ರಜ್ಞ ಆರ್ಥರ್ ಆರನ್ ಮತ್ತು ಸಂಗಡಿಗರು ಪ್ರಕಟಿಸಿದ 36 ಪ್ರಶ್ನೆಗಳನ್ನು ಅನೇಕ ಜೋಡಿಗಳು ಮೊಬೈಲಿನಲ್ಲಿ ಹಿಡಿದುಕೊಂಡೇ ಬರುತ್ತಾರೆ. ಮುಕ್ಕಾಲು ಗಂಟೆಯಲ್ಲಿ ಅಪರಿಚಿತರ ನಡುವೆ ಸಲುಗೆ ಬರಿಸಲಾದೀತೇ ಎಂದು ನೋಡಲು ಮಾಡಿದ ಪ್ರಶ್ನೆಗಳವು. ಸಂಗಾತಿಯನ್ನು ಆರಿಸಲು ಮಾಡಿದ್ದಲ್ಲ.

ಕೊಟ್ಟ ಸಲಹೆ: ನಿಶ್ಚಿತಾರ್ಥ ಆರು ವಾರ ಮುಂದಕ್ಕೆ. ಅಷ್ಟರಲ್ಲಿ ಮೂರು ಮಾತುಕತೆ, ಹಗಲಲ್ಲಿ, ಎದುರಾಬದುರು ಕೂತು, ಒಂದು ಗಂಟೆ ಮೀರದಂತೆ. ರಾತ್ರಿ ಹನ್ನೊಂದರ ಫೋನಿನಲ್ಲಿ ಎಲ್ಲದಕ್ಕೂ 'ಹೂಂ' ಬರುತ್ತದೆ. ಸಲಕ್ಕೊಂದೇ ವಿಷಯ, ಕೇಳುವುದು ಕಳೆದ ಒಂದು ವರ್ಷದ ಒಳಗಿನದನ್ನೇ.

ನಂಬಿಕೆಯ ದಿನ 'ದೇವರಿದ್ದಾನಾ' ಬೇಡ. ಮನೆಯಲ್ಲಿ ಲಿಂಗಪೂಜೆ ಯಾರು ಮಾಡುತ್ತಾರೆ, ಎಷ್ಟು ಹೊತ್ತಿಗೆ, ಅದು ಮುಗಿಯುವ ತನಕ ಯಾರು ಉಪವಾಸ, ಮುಟ್ಟಾದಾಗ ಏನು ರೂಢಿ, ಮಠಕ್ಕೆ ವರ್ಷಕ್ಕೆ ಎಷ್ಟು ದುಡ್ಡು ಹೋಗುತ್ತದೆ? ಈ ಹುಡುಗನ ತಾಯಿ ಇಷ್ಟಲಿಂಗ ಪೂಜೆಯಾಗದೆ ನೀರೂ ಮುಟ್ಟುವುದಿಲ್ಲವೆಂದು ಹುಡುಗಿಗೆ ಗೊತ್ತಾದದ್ದು ಆಗಲೇ. ನಂಬಿಕೆ ಒಬ್ಬೊಬ್ಬರದಿರಬಹುದು, ಆಚರಣೆ ಇಡೀ ಮನೆಯದು. ಸ್ವಭಾವದ ದಿನ: ಕೊನೆಯ ಜಗಳ ಯಾರ ಜೊತೆ, ಮೊದಲು ಮಾತಾಡಿಸಿದ್ದು ಯಾರು, ಎಷ್ಟು ದಿನದ ಮೇಲೆ? ಊರಿನ ದಿನ: ಹೋದರೆ ಯಾರ ಮನೆಯಲ್ಲಿ ಇಳಿಯುತ್ತೀರಿ, ಯಾರ ಮನೆ ಮುಂದೆ ಹಾಯುವುದಿಲ್ಲ?

ಇದು ಕೆಡುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ, ಒಬ್ಬರೇ ಕೇಳುತ್ತಾ ಹೋದಾಗ. ಆಗ ಅದು ಠಾಣೆಯ ವಿಚಾರಣೆ. ಹಾಗಾಗಿ ಕೇಳಿದವರೇ ಮೊದಲು ತಮ್ಮ ಉತ್ತರ ಹೇಳಬೇಕು. 'ಈಗ ಬೇಡ' ಅನ್ನಲು ಇಬ್ಬರಿಗೂ ಹಕ್ಕಿದೆ, ಆದರೆ ಯಾವಾಗ ಎಂದು ವಾರ ಹೇಳಬೇಕು. ಉತ್ತರವನ್ನು ಅಪ್ಪ ಅಮ್ಮನಿಗೆ ಒಪ್ಪಿಸುವಂತಿಲ್ಲ. ಆಸ್ತಿ ವ್ಯಾಜ್ಯ, ಸಾಲ, ಕಾಯಿಲೆ, ಮೊದಲ ಮದುವೆ ಮಾತ್ರ ಇದಕ್ಕೆ ಹೊರತು.

ಕೂಡಿಬಂದ ಸಂಬಂಧಕ್ಕೆ ಕಲ್ಲು ಹಾಕಿದಿರೆಂದು ಹುಡುಗಿಯ ತಂದೆ ಸಿಟ್ಟಾದರು. ಸಲಹೆಗಾರರು ಮುಂದೂಡಿ ಅನ್ನಬಾರದು, ಜೋಡಿಯೇ ತೀರ್ಮಾನಿಸಲಿ ಎನ್ನುವ ಸಹೋದ್ಯೋಗಿಗಳೂ ಇದ್ದಾರೆ. ಬೇರೆ ಪ್ರಕರಣವಾದರೆ ಆ ಮಾತು ಸರಿ. ಇಲ್ಲಿ ಛತ್ರಕ್ಕೆ ಮುಂಗಡ ಕೊಟ್ಟಾಗಿತ್ತು, ಸೀರೆ ಬಂದಿತ್ತು. ದಿನಾಂಕ ಕುತ್ತಿಗೆ ಮೇಲಿರುವಾಗ ಯಾವ ಹುಡುಗಿಯೂ ಪಾಲು ಪಟ್ಟಿಯ ಪ್ರಶ್ನೆ ಎತ್ತುವುದಿಲ್ಲ. ಕಳೆದುಕೊಳ್ಳುವುದು ಛತ್ರದ ಮುಂಗಡ ಮಾತ್ರ ಎಂದು ತಂದೆಗೆ ಹೇಳಲಾಯಿತು. ಅವರು ಒಪ್ಪಲಿಲ್ಲ, ಮಗಳು ಒಪ್ಪಿದರು.

ನಾಲ್ಕನೇ ವಾರದಲ್ಲಿ ಆತ ಅಣ್ಣನಿಗೆ ಫೋನ್ ಮಾಡಿದರು. ಅಣ್ಣ ಎತ್ತಲಿಲ್ಲ. ಅದನ್ನು ಅವತ್ತೇ ಸಂಜೆ, ಯಾರೂ ಕೇಳದೆ, ಆಕೆಗೆ ಹೇಳಿದರಂತೆ. ನಿಶ್ಚಿತಾರ್ಥಕ್ಕೆ ಹೊಸ ದಿನ ಇನ್ನೂ ಗೊತ್ತಾಗಿಲ್ಲ.