ಇರಾನಿ ತಟ್ಟೆಯ ತಳದಲ್ಲಿ ಚೀನಾ ಮುದ್ರೆ ಯಾಕೆ?

ಪ್ರಶ್ನೆ: ಚೋರ್ ಬಜಾರಿನಲ್ಲಿ ಒಂದು ನೀಲಿ-ಬಿಳಿ ತಟ್ಟೆ ಕೊಂಡೆ. ಅಂಗಡಿಯವರು ‘ಇರಾನಿ ಮಾಲು, ಮುನ್ನೂರು ವರ್ಷ ಹಳೆಯದು’ ಅಂದರು. ಮನೆಗೆ ಬಂದು ತಿರುಗಿಸಿ ನೋಡಿದರೆ ತಳದಲ್ಲಿ ಚೀನೀ ಅಕ್ಷರದ ಹಾಗೆ ಏನೋ ಇದೆ. ನನಗೆ ಟೋಪಿ ಹಾಕಿದರಾ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಹಾಕಿರಲೂಬಹುದು. ಆದರೆ ಆ ಅಕ್ಷರ ನೋಡಿ ಹಾಗೆ ಹೇಳೋಕಾಗಲ್ಲ. 17ನೇ ಶತಮಾನದ ಇರಾನಿ ಕುಂಬಾರರು ಚೀನಾದ ಡ್ರ್ಯಾಗನ್, ಕೊಕ್ಕರೆ, ತಾವರೆಗಳ ಜೊತೆಗೆ ತಳದ ಮುದ್ರೆಯನ್ನೂ ನಕಲು ಮಾಡುತ್ತಿದ್ದರು. ಓದಲು ಬರದ ಲಿಪಿ, ಸುಮ್ನೆ ನೋಡಿಕೊಂಡು ಗೀಚಿದ್ದು. ಚೀನೀ ಬಲ್ಲವರಿಗೆ ತೋರಿಸಿ, ಅವರಿಗೂ ಓದಲಾಗದಿದ್ದರೆ ನಿಮಗೆ ಒಳ್ಳೆಯ ಸುದ್ದಿಯೇ!

ಆಗ ಅಲ್ಲಿ ಚೀನೀ ಪಿಂಗಾಣಿಯ ಹುಚ್ಚು ಜೋರಾಗಿತ್ತು. ಇರಾನಿನ ದೊರೆ ಶಾ ಅಬ್ಬಾಸ್ 1611ರಲ್ಲಿ ಅಲ್ಲಿನ ಅರ್ದಬೀಲ್ ಊರಿನ ದರ್ಗಾಕ್ಕೆ ಸಾವಿರಕ್ಕೂ ಹೆಚ್ಚು ಚೀನೀ ಪಾತ್ರೆಗಳನ್ನು ಕೊಟ್ಟ. ಅವನ್ನಿಡಲೆಂದೇ ಗೋಡೆ ತುಂಬ ಗೂಡುಗಳಿರುವ ಕೋಣೆಯಿದೆ, ಹೆಸರು ಚೀನೀಖಾನಾ. 1644ರಲ್ಲಿ ಮಿಂಗ್ ದೊರೆತನ ಉರುಳಿ ಚೀನಾದಿಂದ ಮಾಲು ಬರುವುದು ಕಷ್ಟವಾದಾಗ ಡಚ್ ಈಸ್ಟ್ ಇಂಡಿಯಾ ಕಂಪನಿಯವರು ಇರಾನಿನ ಕಿರ್ಮಾನ್ ಕಡೆಯ ಪಾತ್ರೆಗಳನ್ನು ಕೊಳ್ಳತೊಡಗಿದರು. ಅವನ್ನು ಚೀನಾ ಮಾಲಿನ ಜೊತೆ ಬೆರೆಸಿ ಮಾರುತ್ತಾರೆ ಅಂತ ಫ್ರೆಂಚ್ ಪ್ರವಾಸಿ ಶಾರ್ದಾಂ ಬರೆದಿದ್ದಾನೆ. ನಿಮ್ಮ ಅಂಗಡಿಯವರು ಈ ವಿದ್ಯೆಯಲ್ಲಿ ಮೊದಲಿಗರೇನಲ್ಲ, ಅಲ್ವಾ?

ಹಾಗಂತ ಇರಾನಿನವರು ಬರೀ ನಕಲುಗಾರರು ಅಂದರೆ ನಾನು ಒಪ್ಪುವುದಿಲ್ಲ. 14ನೇ ಶತಮಾನದಲ್ಲಿ ಚೀನಾದ ಜಿಂಗ್‌ದೆಜೆನ್‌ನಲ್ಲಿ ಈ ನೀಲಿ-ಬಿಳಿ ಪಿಂಗಾಣಿ ಜೋರಾಗಿ ಶುರುವಾದಾಗ ಅದಕ್ಕೆ ನೀಲಿ ಬಣ್ಣ ಕೊಡುವ ಕೋಬಾಲ್ಟ್ ಹೋಗಿದ್ದೇ ಪರ್ಷಿಯಾ ಕಡೆಯಿಂದ.

ಈಗ ನಿಮ್ಮ ತಟ್ಟೆ. ಚಿತ್ರ ಬಿಡಿ, ಅಂಚಿನಲ್ಲಿ ಚೂರು ಎದ್ದಿರುವ ಜಾಗ ಹುಡುಕಿ. ನಿಜವಾದ ಪಿಂಗಾಣಿಗೆ ಬೇಕಾದ ವಿಶೇಷ ಬಿಳಿ ಜೇಡಿ (ಕಯೋಲಿನ್) ಇರಾನಿ ಕುಂಬಾರರ ಕೈಗೆ ಸಿಗಲಿಲ್ಲ. ಕಾಶಾನಿನ ಕುಂಬಾರ ಮನೆತನದ ಅಬುಲ್ ಖಾಸಿಂ 1301ರಲ್ಲೇ ಅವರ ಹದ ಬರೆದಿಟ್ಟಿದ್ದಾನೆ: 10 ಪಾಲು ಬೆಣಚುಕಲ್ಲಿನ ಪುಡಿ, 1 ಪಾಲು ಗಾಜಿನ ಪುಡಿ, 1 ಪಾಲು ಬಿಳಿ ಮಣ್ಣು. ಹಾಗಾಗಿ ಒಡೆದ ಜಾಗ ಸಕ್ಕರೆ ಅಚ್ಚು ಮುರಿದ ಹಾಗೆ ಹರಳುಹರಳಾಗಿ ಕಾಣುತ್ತದೆ. ಅಲ್ಲಿಗೆ ಒಂದು ಹನಿ ನೀರು ಬಿಟ್ಟರೆ ಹೀರಿಕೊಳ್ಳುತ್ತದೆ. ಪಿಂಗಾಣಿಯಾದರೆ ಒಡೆದ ಜಾಗ ನುಣುಪು, ನೀರು ಹಾಗೇ ನಿಲ್ಲುತ್ತದೆ. ಎಷ್ಟೋ ಇರಾನಿ ತಟ್ಟೆಗಳಲ್ಲಿ ನೀಲಿಯ ಸುತ್ತ ಸಣ್ಣ ಕಪ್ಪು ಗೆರೆಯೂ ಇರುತ್ತದೆ. ಆದರೆ ಭೂತಗನ್ನಡಿಯಲ್ಲಿ ಬಣ್ಣ ಚುಕ್ಕಿಚುಕ್ಕಿಯಾಗಿ ಕಂಡರೆ ಅದು ಇತ್ತೀಚಿನ ಅಚ್ಚಿನ ಮಾಲು, ಉಪ್ಪಿಟ್ಟು ಹಾಕಿಕೊಂಡು ತಿನ್ನಿ. ಹೋಲಿಸಿ ನೋಡಬೇಕೆಂದರೆ ಮುಂಬಯಿಯ ಕಾಲಾ ಘೋಡಾ ಹತ್ತಿರದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯದಲ್ಲಿ ಟಾಟಾ ಮನೆತನದವರು ಕೊಟ್ಟ ಚೀನೀ ಪಿಂಗಾಣಿ ಇದೆ.

ಪ್ರಶ್ನೆ: ನಮ್ಮೂರು ಬೀದರ್. ಅಲ್ಲಿನ ಮದರಸಾದ ನೀಲಿ ಬಿಲ್ಲೆಗಳೂ ಚೀನಾ ನಕಲಾ?
– ಇನ್ನೊಬ್ಬರು, ಪುಣೆ

ಉತ್ತರ: ಅಲ್ಲ. ಮದರಸಾ ಕಟ್ಟಿಸಿದ ಬಹಮನಿ ಮಂತ್ರಿ ಮಹಮೂದ್ ಗವಾನ್ ಇರಾನಿನ ಗೀಲಾನ್ ಕಡೆಯವನು, 1472ರ ಆ ಕಟ್ಟಡಕ್ಕೆ ಅವನು ತಂದದ್ದು ತನ್ನ ನಾಡಿನದೇ ಬಿಲ್ಲೆಗೆಲಸ. ಅದರಲ್ಲಿ ಹಳದಿ, ಹಸಿರೂ ಇವೆ. 1696ರ ಸ್ಫೋಟದಲ್ಲಿ ಕಟ್ಟಡದ ಒಂದು ಭಾಗವೇ ಹೋಯಿತು. ಉಳಿದದ್ದು ಮುಂಭಾಗದ ಗೋಡೆ ಮತ್ತು ಮಿನಾರಿನ ಮೇಲೆ ಈಗಲೂ ಇದೆ. ಊರಿಗೆ ಹೋದಾಗ ಬೆಳಗಿನ ಬಿಸಿಲಲ್ಲಿ ನೋಡಿ.