ಟಿಕೆಟ್ ಸಿಕ್ಕರೆ ಸಾಲದು, ಬಿ ಫಾರಂ ಕೈಗೆ ಬರಬೇಕು

ಕಡೂರು ತಾಲ್ಲೂಕಿನ ಓದುಗರೊಬ್ಬರ ಪತ್ರ: "ಚುನಾವಣೆ ಬಂತೆಂದರೆ ಬಿ ಫಾರಂ, ಬಂಡಾಯ, ಠೇವಣಿ, ವಿಪ್ ಅಂತ ಬರೆಯುತ್ತೀರಿ. ಟಿಕೆಟ್ ಘೋಷಣೆ ಆದಮೇಲೂ ಬಿ ಫಾರಂಗೆ ಯಾಕಿಷ್ಟು ಪರದಾಟ? ಠೇವಣಿ ಹೋಯಿತು ಅಂದರೆ ಎಷ್ಟು ದುಡ್ಡು ಹೋಯಿತು? ಗೆದ್ದವರು ಪಕ್ಷ ಬಿಟ್ಟರೂ ಕಾನೂನು ಸುಮ್ಮನಿರುವುದೇಕೆ? ಕೊನೆಯದಾಗಿ, ನಮ್ಮದು ಚಿಕ್ಕಮಗಳೂರು ಜಿಲ್ಲೆ, ಎಂಪಿ ಓಟು ಮಾತ್ರ ಹಾಸನಕ್ಕೆ. ಇದೇನು ಲೆಕ್ಕ?"

ಸಂಪಾದಕರ ಉತ್ತರ:

ಟಿಕೆಟ್ ಅನ್ನುವುದು ಪಕ್ಷದೊಳಗಿನ ಮಾತು. ಚುನಾವಣಾಧಿಕಾರಿಗೆ ಅದು ಲೆಕ್ಕಕ್ಕಿಲ್ಲ. ಅವರಿಗೆ ಬೇಕಿರುವುದು ಎರಡು ಕಾಗದ. 'ನಮ್ಮ ಪರವಾಗಿ ಸಹಿ ಹಾಕುವವರು ಇವರು' ಎಂದು ಪಕ್ಷ ತಿಳಿಸುವುದು ಎ ಫಾರಂ. ಆ ಸಹಿಯವರು 'ಈ ಕ್ಷೇತ್ರಕ್ಕೆ ಇವರೇ ನಮ್ಮ ಅಭ್ಯರ್ಥಿ' ಎಂದು ಬರೆದುಕೊಡುವುದು ಬಿ ಫಾರಂ. ನಾಮಪತ್ರದ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಎರಡೂ ಅಧಿಕಾರಿಯ ಕೈ ಸೇರಬೇಕು. ಸಹಿ ಶಾಯಿಯಲ್ಲೇ ಇರಬೇಕು. ಜೆರಾಕ್ಸ್ ನಡೆಯುವುದಿಲ್ಲ, ರಬ್ಬರ್ ಸ್ಟಾಂಪ್ ಸಹಿಯೂ ನಡೆಯುವುದಿಲ್ಲ. ಹಿಂದೆ ಕೊಟ್ಟದ್ದನ್ನು ರದ್ದು ಮಾಡಿ ಬೇರೆಯವರಿಗೆ ಹೊಸ ಬಿ ಫಾರಂ ಕೊಡಲು ಅದೇ 3 ಗಂಟೆವರೆಗೂ ಅವಕಾಶ ಇರುತ್ತದೆ. ಪಟ್ಟಿಯಲ್ಲಿ ಹೆಸರು ಬಂದು ಪಟಾಕಿ ಹೊಡೆದವರೂ ಅಲ್ಲಿಯವರೆಗೆ ಉಸಿರು ಬಿಗಿಹಿಡಿದು ಕೂರುವುದು ಇದಕ್ಕೇ.

ಬಂಡಾಯದವರ ಗುಟ್ಟೂ ಇಲ್ಲೇ ಇದೆ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು. ಪಕ್ಷೇತರರಿಗೆ 10 ಸೂಚಕರು ಬೇಕು, ಎಲ್ಲರೂ ಅದೇ ಕ್ಷೇತ್ರದ ಮತದಾರರಾಗಿರಬೇಕು. ಬಿ ಫಾರಂ ಬಂದೇ ಬರುತ್ತದೆಂದು ಒಬ್ಬರಿಂದ ಮಾತ್ರ ಸಹಿ ಹಾಕಿಸಿಕೊಂಡು ಹೋದವರ ನಾಮಪತ್ರ, ಅದು ಬರದಿದ್ದರೆ ಪರಿಶೀಲನೆಯಲ್ಲೇ ಬಿದ್ದುಹೋಗುತ್ತದೆ. ಹಾಗಾಗಿ ಪಳಗಿದವರು ಎರಡು ಸೆಟ್ ಹಾಕುತ್ತಾರೆ. ಒಂದು ಪಕ್ಷದ ಹೆಸರಲ್ಲಿ, ಇನ್ನೊಂದು ಹತ್ತು ಸಹಿಯೊಂದಿಗೆ. ಎರಡನೇ ಸೆಟ್ ಕಂಡರೆ ಬಂಡಾಯಕ್ಕೆ ಸಿದ್ಧತೆ ಆಗಿದೆ ಎಂದೇ ತಿಳಿಯಿರಿ, ಬಾಯಲ್ಲಿ ಏನೇ ಹೇಳಲಿ!

ಬಿ ಫಾರಂ ಜೊತೆಗೆ ಬರುವುದು ಚಿಹ್ನೆ. ಅದರ ಬೆಲೆ ಏನೆಂದು ನಿಮ್ಮ ಜಿಲ್ಲೆಯ ಹಿರಿಯರನ್ನೇ ಕೇಳಿ. 1978ರಲ್ಲಿ ಕಾಂಗ್ರೆಸ್ ಒಡೆದಾಗ ಹಸು-ಕರುವಿನ ಗುರುತು ಇಂದಿರಾ ಗಾಂಧಿಯವರ ಬಣದ ಕೈತಪ್ಪಿತು. ಸಿಕ್ಕಿದ್ದು ಹಸ್ತ. ಅದೇ ವರ್ಷ ಡಿ.ಬಿ. ಚಂದ್ರೇಗೌಡರು ರಾಜೀನಾಮೆ ಕೊಟ್ಟು ತೆರವು ಮಾಡಿದ ಚಿಕ್ಕಮಗಳೂರು ಕ್ಷೇತ್ರಕ್ಕೆ ನವೆಂಬರ್‌ನಲ್ಲಿ ಉಪಚುನಾವಣೆ ನಡೆಯಿತು. ಆ ಹೊಸ ಗುರುತಿನ ಮೇಲೆ ಇಂದಿರಾ ನಿಂತು, ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು 70 ಸಾವಿರಕ್ಕೂ ಜಾಸ್ತಿ ಓಟಿನಿಂದ ಸೋಲಿಸಿದರು. ದೆಹಲಿಯವರು ಇಲ್ಲಿ ನಿಲ್ಲಬಹುದಾ ಅಂತ ಈಗಲೂ ಕೇಳುವವರಿದ್ದಾರೆ. ನಿಲ್ಲಬಹುದು. ಲೋಕಸಭೆಗೆ ನಿಲ್ಲುವವರ ಹೆಸರು ದೇಶದ ಯಾವ ಕ್ಷೇತ್ರದ ಮತದಾರರ ಪಟ್ಟಿಯಲ್ಲಿದ್ದರೂ ಆಯಿತು. ವಿಧಾನಸಭೆಗಾದರೆ ಆ ರಾಜ್ಯದೊಳಗಿನ ಪಟ್ಟಿಯಲ್ಲಿರಬೇಕು.

ಅಂದಹಾಗೆ, ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ, ಬಿ ಫಾರಂ ಕೂಡ ಇಲ್ಲ. ಫಲಿತಾಂಶದ ದಿನ ಪ್ರತಿ ಪಕ್ಷವೂ 'ನಮ್ಮವರೇ ಜಾಸ್ತಿ ಗೆದ್ದರು' ಎನ್ನುವುದು ಅದಕ್ಕೇ. ಸುಳ್ಳು ಅಂತ ಸಾಬೀತು ಮಾಡಲು ಕಾಗದವೇ ಇರುವುದಿಲ್ಲವಲ್ಲ.

ಇನ್ನು ಠೇವಣಿ. ಲೋಕಸಭೆಗೆ 25,000 ರೂಪಾಯಿ, ವಿಧಾನಸಭೆಗೆ 10,000. ಪರಿಶಿಷ್ಟ ಜಾತಿ, ಪಂಗಡದವರಿಗೆ ಇದರ ಅರ್ಧ. ಚಲಾವಣೆಯಾದ ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಸಿಗದಿದ್ದರೆ ಹಣ ಸರ್ಕಾರಕ್ಕೆ. 1,50,000 ಸಿಂಧು ಮತವಿದ್ದರೆ 25,000 ಸಾಲದು, 25,001 ಬೇಕು. ನೋಟಾ ಓಟು ಈ ಲೆಕ್ಕಕ್ಕೆ ಸೇರುವುದಿಲ್ಲ. 1951ರಲ್ಲಿ ಲೋಕಸಭೆಯ ಠೇವಣಿ 500 ರೂಪಾಯಿ ಇತ್ತು. ಇವತ್ತು ಪ್ರಚಾರಕ್ಕೆ ಸುರಿಯುವ ದುಡ್ಡು ನೋಡಿದರೆ ಹತ್ತು ಸಾವಿರ ಏನೂ ಅಲ್ಲ. ಕಳೆದುಕೊಂಡವರಿಗೆ ಹೋಗುವುದು ಮಾನ.

ಪಕ್ಷಾಂತರದ ಪ್ರಶ್ನೆಗೆ ಬರೋಣ. ನಮ್ಮ ಸಂವಿಧಾನದಲ್ಲಿ ರಾಜಕೀಯ ಪಕ್ಷದ ಪ್ರಸ್ತಾಪ ಬಂದಿದ್ದೇ 1985ರಲ್ಲಿ, 52ನೇ ತಿದ್ದುಪಡಿಯ ಹತ್ತನೇ ಅನುಸೂಚಿಯ ಮೂಲಕ. ಪಕ್ಷವನ್ನು ತಾನಾಗಿ ತೊರೆದರೆ, ಅಥವಾ ಸದನದಲ್ಲಿ ವಿಪ್ (ಹೀಗೇ ಓಟು ಹಾಕಿ ಎಂದು ಪಕ್ಷ ಕೊಡುವ ಆದೇಶ) ಮೀರಿ ಓಟು ಹಾಕಿದರೆ ಸದಸ್ಯತ್ವ ಹೋಗುತ್ತದೆ. ಪಕ್ಷೇತರರಾಗಿ ಗೆದ್ದು ಪಕ್ಷ ಸೇರಿದರೂ ಅಷ್ಟೇ. ಶಾಸಕರಲ್ಲಿ ಮೂರನೇ ಒಂದು ಭಾಗ ಒಟ್ಟಿಗೆ ಹೊರಬಂದರೆ ಮೊದಲು ಶಿಕ್ಷೆ ಇರಲಿಲ್ಲ. 2003ರಲ್ಲಿ ಆ ಬಾಗಿಲು ಮುಚ್ಚಿತು, ಮೂರನೇ ಎರಡು ಭಾಗದ ವಿಲೀನಕ್ಕೆ ಮಾತ್ರ ವಿನಾಯಿತಿ ಉಳಿಯಿತು. ಆಮೇಲೆ ಹುಡುಕಿಕೊಂಡ ಹಾದಿ ರಾಜೀನಾಮೆ. 2019ರಲ್ಲಿ ನಮ್ಮ ರಾಜ್ಯದ 17 ಶಾಸಕರು ಅನರ್ಹರಾದರು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಮತ್ತೆ ಸ್ಪರ್ಧಿಸಲು ಅಡ್ಡಿಯಿಲ್ಲ ಎಂದಿತು. ಹಲವರು ಹೊಸ ಪಕ್ಷದ ಬಿ ಫಾರಂ ಹಿಡಿದು ನಿಂತು ಗೆದ್ದು ಬಂದರು. ಕಾನೂನು ಸುಮ್ಮನಿಲ್ಲ, ಅದರ ಏಟು ತಡೆದುಕೊಳ್ಳುವಷ್ಟೇ ಇದೆ ಎಂಬುದು ನನ್ನ ಅಭಿಪ್ರಾಯ.

ಕಡೂರಿನ ಲೆಕ್ಕ ಸುಲಭ. ರಾಜ್ಯದಲ್ಲಿ 224 ವಿಧಾನಸಭಾ ಕ್ಷೇತ್ರ, 28 ಲೋಕಸಭಾ ಕ್ಷೇತ್ರ. ಒಂದಕ್ಕೆ ಎಂಟು. ಹಾಸನ ಜಿಲ್ಲೆಯಲ್ಲಿರುವುದು ಏಳೇ: ಹಾಸನ, ಬೇಲೂರು, ಸಕಲೇಶಪುರ, ಅರಕಲಗೂಡು, ಹೊಳೆನರಸೀಪುರ, ಅರಸೀಕೆರೆ, ಶ್ರವಣಬೆಳಗೊಳ. ಎಂಟನೆಯದು ಕಡೂರು. ಚಿಕ್ಕಮಗಳೂರು, ಮೂಡಿಗೆರೆ, ಶೃಂಗೇರಿ, ತರೀಕೆರೆ ಘಟ್ಟ ಇಳಿದು ಉಡುಪಿ ಜಿಲ್ಲೆಯ ನಾಲ್ಕು ಕ್ಷೇತ್ರಗಳ ಜೊತೆ ಸೇರಿವೆ. ಆ ಜಿಲ್ಲೆಯ ಐದನೆಯದಾದ ಬೈಂದೂರು ಶಿವಮೊಗ್ಗಕ್ಕೆ ಹೋಗಿದೆ. ನಿಮ್ಮ ಪ್ರಶ್ನೆಯನ್ನೇ ಅಲ್ಲಿಯವರೂ ಯಾವುದೋ ಪತ್ರಿಕೆಗೆ ಬರೆದಿರಬಹುದು.