ದಾವಣಗೆರೆಯ ಶೋರೂಮ್‌ಗಳಲ್ಲಿ ಎಕ್ಸ್‌ಟೆಂಡೆಡ್ ವಾರಂಟಿಗೆ ಯಾಕಷ್ಟು ಒತ್ತಾಯ ಮಾಡುತ್ತಾರೆ? ತಗೊಳ್ಳಲೇಬೇಕಾ?

ತಗೊಳ್ಳಲೇಬೇಕು ಅಂತೇನಿಲ್ಲ. ಕಂಪನಿಯ ವಾರಂಟಿ ಬೆಲೆಯಲ್ಲೇ ಸೇರಿರುತ್ತದೆ. ಎಕ್ಸ್‌ಟೆಂಡೆಡ್ ಅನ್ನುವುದು, ಅಂದರೆ ಆ ವಾರಂಟಿ ಮುಗಿದ ಮೇಲೂ ರಿಪೇರಿ ನೋಡಿಕೊಳ್ಳುವ ಪ್ಲಾನ್, ಬೇರೆಯೇ ಮಾರಾಟ. ಟಿವಿ, ಫ್ರಿಜ್‌ನಲ್ಲಿ ಅಂಗಡಿಗೆ ಉಳಿಯುವುದು ಕಡಿಮೆ, ಇದರಲ್ಲಿ ಜಾಸ್ತಿ. ಅದಕ್ಕೇ ಆ ಒತ್ತಾಯ.

ದೊಡ್ಡ ಮಳಿಗೆಗಳಲ್ಲಿ ನಿಮ್ಮ ಹತ್ತಿರ ಬಂದು ಮಾತಾಡುವ ಹುಡುಗ ಎಷ್ಟೋ ಸಲ ಅಂಗಡಿಯವನೇ ಅಲ್ಲ, ಒಂದು ಬ್ರ್ಯಾಂಡ್ ನೇಮಿಸಿದ ಪ್ರೊಮೋಟರ್. ಟೀ ಶರ್ಟ್ ಮೇಲಿನ ಹೆಸರು ನೋಡಿ. ಪಕ್ಕದ ಕಂಪನಿಯ ಫ್ರಿಜ್ ಕೇಳಿದರೆ "ಅದು ಕಂಪ್ಲೇಂಟ್ ಜಾಸ್ತಿ ಸಾರ್" ಅನ್ನುತ್ತಾನೆ. ಅವನ ಮೇಲೆ ಸಿಟ್ಟಾಗಬೇಡಿ. ಟಾರ್ಗೆಟ್ ಮುಟ್ಟದಿದ್ದರೆ ಅವನ ಇನ್ಸೆಂಟಿವ್ ಹೋಗುತ್ತದೆ, ಪಾಪ. ಆದರೆ ಅವನ ಮಾತಿಗಿಂತ ಬಿಇಇ (ಕರೆಂಟ್ ಉಳಿತಾಯ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಸ್ಟಾರ್ ಲೇಬಲ್ ನಂಬಿ. ಫ್ರಿಜ್‌ಗೆ ವರ್ಷಕ್ಕೆ ಎಷ್ಟು ಯೂನಿಟ್ ಕರೆಂಟ್ ಅಂತ ಅದರಲ್ಲೇ ಇರುತ್ತದೆ.

ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಎಸಿ ನೋಡಲು ಹೋದಾಗ "ಆಫರ್ ಇವತ್ತೇ ಕೊನೆ" ಅನ್ನುತ್ತಾರೆ ಅಲ್ವಾ? ರೇಟು ಬರೆಸಿಕೊಂಡು ಸುಮ್ನೆ ಮನೆಗೆ ಬನ್ನಿ.

ದುಡ್ಡು ಕೊಡುವ ಮೊದಲು ಬಿಲ್ಲಿನ ಪ್ರತಿ ಸಾಲು ಓದಿ. ಇಎಂಐ ಆದರೆ ಇನ್ನೂ ಹುಷಾರು. ವಾರಂಟಿ ಪ್ಲಾನ್, ಪ್ರೊಸೆಸಿಂಗ್ ಫೀ ಎರಡೂ ಕಂತಿನೊಳಗೇ ಸೇರಿಬಿಟ್ಟಿರಬಹುದು. ಬೇಡ ಅಂದರೆ ತೆಗೆಸಿ, ಹೊಸ ಬಿಲ್ ಕೇಳಿ.

ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ತಪ್ಪು. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತಗೊಳ್ಳದಿರುವುದೂ ತಪ್ಪೇ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಆಗಲಿಲ್ಲವೆಂದರೆ ದಾವಣಗೆರೆಯಲ್ಲೇ ಜಿಲ್ಲಾ ಗ್ರಾಹಕರ ಆಯೋಗವಿದೆ. ವಸ್ತುವಿಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ.